ಹದಿನೇಳನೆಯ ಮೆಟ್ಟಿಲು

"ಕೇಳ್ರಪ್ಪೋ ಕೇಳಿ! ಅರಮನೆಯ ಬರೆಯುವ ಹಲಗೆ ಕೇಳುವ ಮೂರು ಒಗಟು ಬಿಡಿಸಿದವರಿಗೆ ದೊರೆಗಳು ಬೇಡಿದ್ದು ಕೊಡುತ್ತಾರೆ. ತಪ್ಪು ಹೇಳಿದವರ ತಲೆ ತೆಗೆಸುತ್ತಾರೆ. ಯಾರೂ ಬಿಡಿಸದಿದ್ದರೆ ಅಮಾವಾಸ್ಯೆಗೆ ಸೆರೆಯಲ್ಲಿರುವ ದ್ಯಾವಪ್ಪನಿಗೂ ಗಲ್ಲು!"

ಹೀಗೆ ಬೀದಿ ಬೀದಿಯಲ್ಲಿ ಡಂಗುರ ಹೊಡೆಸಿದರು. ಆ ಹಲಗೆ ಕಾಳಾಚಾರಿ ಎಂಬ ಶಿಲ್ಪಿ ಮಾಡಿದ್ದು. ಮಾಳಿಗೆಯ ಎತ್ತರ ಇಷ್ಟು ಎಂದರೆ ಸಾಕು, ಅದರ ಕಬ್ಬಿಣದ ಮೊನೆ ತಾನೇ ಓಡಾಡಿ, ಎತ್ತರವನ್ನು ಸಮನಾಗಿ ಹಂಚಿ, ಎಲೆಅಡಿಕೆ ಅಗಿದು ಮುಗಿಸುವಷ್ಟರಲ್ಲಿ ಮೆಟ್ಟಿಲುಗಳ ನಕ್ಷೆ ಬರೆದುಬಿಡುತ್ತಿತ್ತು. ಕೂತು ಉಣ್ಣುವುದು ಯಾರಿಗೆ ಬೇಡ? ಊರಿನ ಶಿಲ್ಪಿಗಳೆಲ್ಲ ಅಳೆಯುವುದನ್ನೇ ಬಿಟ್ಟರು. ಸಹಾಯಕ ದ್ಯಾವಪ್ಪ ಎತ್ತರ ಹೇಳುತ್ತಿದ್ದ, ಹಲಗೆ ಬರೆಯುತ್ತಿತ್ತು.

ಹೊಸ ಮಾಳಿಗೆಯ ಮೆಟ್ಟಿಲನ್ನೂ ಅದೇ ಬರೆಯಿತು. ಕಟ್ಟಿದ ಎರಡೇ ತಿಂಗಳಿಗೆ, ತೌರಿನಿಂದ ಮರಳಿದ ರಾಣಿ ಹತ್ತುತ್ತಾ ತುದಿಯಲ್ಲಿ ಎಡವಿ, ಉರುಳಿ ಬಿದ್ದು ಸತ್ತಳು. ದೊರೆ ಹಿಂದುಮುಂದು ನೋಡದೆ ಕಾಳಾಚಾರಿಯನ್ನು ಗಲ್ಲಿಗೇರಿಸಿ, ದ್ಯಾವಪ್ಪನನ್ನು ಸೆರೆಗೆ ಹಾಕಿದ. ಮಾರನೆಯ ದಿನದಿಂದ ಹಾಡುಹಗಲೇ ಖಾಲಿ ಮೆಟ್ಟಿಲ ಮೇಲೆ ಗೆಜ್ಜೆಯ ಸಪ್ಪಳ. ಹದಿನಾರು ಹೆಜ್ಜೆ, ಆಮೇಲೆ ದೊಪ್ಪನೆ ಬಿದ್ದ ಸದ್ದು. ಅತ್ತ ಹಲಗೆ ತಾನಾಗಿ ಮೆಟ್ಟಿಲು ಬರೆಯುತ್ತಾ, ಕೊನೆಯದಕ್ಕೆ ಬಂದಾಗ ನಿಂತು, ಸತ್ತ ಆಚಾರಿಯ ದನಿಯಲ್ಲಿ ಒಗಟು ಕೇಳುತ್ತಿತ್ತು.

"ಹತ್ತುವವನು ಹದಿನೇಳು ಸಲ ಕಾಲೆತ್ತುತ್ತಾನೆ. ಮೆಟ್ಟಿಲ ಕಲ್ಲು ಎಣಿಸಿದರೆ ಹದಿನಾರೇ. ಹದಿನೇಳನೆಯದು ಎಲ್ಲಿದೆ?"

ಗಣಿತದ ಪಂಡಿತನೊಬ್ಬ, "ಸ್ವರ್ಗದಲ್ಲಿ" ಎಂದ. ತಲೆ ಹೋಯಿತು. ಪಕ್ಕದ ರಾಜ್ಯದ ಶಿಲ್ಪಿ, "ಗೋಡೆಯೊಳಗೆ ಗುಟ್ಟಾಗಿ ಹುದುಗಿದೆ" ಎಂದ. ಅವನದೂ ಹೋಯಿತು.

ಅಮಾವಾಸ್ಯೆಯ ಹಿಂದಿನ ದಿನ ದ್ಯಾವಪ್ಪನ ಹೆಂಡತಿ ಕೆಂಚವ್ವ ಸಭೆಗೆ ಬಂದಳು. ಅವಳು ಅರಮನೆಗೆ ನೀರು ಹೊರುವವಳು.

"ಕೊಡ ಹೊರುವವಳಿಗೆ ಶಿಲ್ಪಶಾಸ್ತ್ರ ಬೇರೆ!" ಎಂದು ಮಂತ್ರಿ ನಕ್ಕ.

"ನಗಿ ಸ್ವಾಮಿ. ನನ್ ಗಂಡ ಉಳುದ್ರೆ ನಾನೂ ನಗ್ತೀನಿ," ಎಂದಳು ಕೆಂಚವ್ವ. ಮೊದಲ ಒಗಟು ಕೇಳಿ, "ಹದಿನೇಳ್ನೇದು ಮಾಳ್ಗೆ ನೆಲಾನೇ ಆಚಾರ್ರೇ. ಕೊನೆ ಸಲ ಕಾಲೆತ್ತಿ ಅದರ ಮೇಲೇ ತಾನೇ ಇಡೋದು?" ಎಂದಳು.

ಹಲಗೆಯ ಮೊನೆ ಕಿರ್‌ ಎಂದು ಸರಿಯಿತು. "ಕಲ್ಲಲ್ಲ, ಗಾರೆಯಲ್ಲ. ಏನೂ ಇಲ್ಲದ್ದನ್ನು ಅಳೆದು ಕಟ್ಟುತ್ತೇನೆ. ಅದು ಕಡಿಮೆಯಾದರೆ ನೆತ್ತರು ಬರುತ್ತದೆ. ಏನದು?"

"ತಲೆ ಮೇಲಿನ ಜಾಗ. ಹಳೇ ಮಾಳ್ಗೇಲಿ ಅದು ಸಾಲ್ದೆ ನನ್ ಮೂರು ಕೊಡ ಒಡ್ದೋದ್ವು."

ಮೊನೆ ಮತ್ತೆ ಸರಿಯಿತು. ದನಿ ಈಗ ಅಳುವಂತಿತ್ತು. "ಎಲ್ಲ ಮೆಟ್ಟಿಲನ್ನೂ ಒಂದೇ ಎತ್ತರಕ್ಕೆ ಬರೆದೆ. ಬರೆದದ್ದು ತಪ್ಪಲ್ಲ. ಕಟ್ಟಿದವರದೂ ತಪ್ಪಲ್ಲ. ರಾಣಿ ಯಾಕೆ ಬಿದ್ದಳು?"

ಕೆಂಚವ್ವ ಒಮ್ಮೆ ದೊರೆಯತ್ತ ನೋಡಿದಳು. ಉತ್ತರ ಗೊತ್ತಿತ್ತು. ಅದಕ್ಕೇ ಭಯ.

"ಮೆಟ್ಲು ಕಟ್ಟಾದ್ಮೇಲೆ ಮಾಳ್ಗೆ ನೆಲಕ್ಕೆ ನಾಲ್ಕು ಬೆಟ್ಟು ದಪ್ಪದ ಕರಿಕಲ್ಲು ಹಾಸಿದ್ರು. ಅಲ್ಲಿಗೆ ಕೊನೆ ಹೆಜ್ಜೆ ಮಾತ್ರ ಮಿಕ್ಕವಕ್ಕಿಂತ ನಾಲ್ಕು ಬೆಟ್ಟು ಜಾಸ್ತಿ ಎತ್ತರ ಆಯ್ತು. ಹದಿನಾರು ಸಲ ಒಂದೇ ಅಳತೆಗೆ ಪಳಗಿದ ಕಾಲು ಹದಿನೇಳ್ನೇದಕ್ಕೆ ತಗಲ್ತದೆ. ಕೊಡ ಹೊತ್ತು ನಾನೂ ಎಡವಿದೀನಿ. ನೀರೋಳ ಮಾತು ಯಾರು ಕೇಳ್ತಾರೆ? ಹಲಗೆ ಹೇಳಿದಷ್ಟೇ ಬರೀತದೆ. ಕಲ್ಲು ಹಾಸೋ ವಿಷ್ಯ ನನ್ ಗಂಡನಿಗೂ ಗೊತ್ತಿರ್ಲಿಲ್ಲ."

"ಹಾಸಿಸಿದವನು ಯಾರು?" ದೊರೆ ಸಿಂಹಾಸನದಿಂದ ಎದ್ದ.

"ಒಳ್ಳೇ ಕಲ್ಲು ನೋಡಿ ಹಾಸಿ ಅಂತ ಅಪ್ಪಣೆ ಕೊಟ್ಟೋರು ತಾವೇ ಬುದ್ಧಿ. ತೌರಿಂದ ಬರೋ ರಾಣಿಯಮ್ಮನೋರಿಗೆ ಚೆಂದ ಕಾಣ್ಲಿ ಅಂತ."

ದೊರೆ ಬರಿಗಾಲಲ್ಲಿ ಮೆಟ್ಟಿಲು ಹತ್ತಿದ. ಕೊನೆಯಲ್ಲಿ ಅವನ ಕಾಲುಬೆರಳು ಕಲ್ಲಿಗೆ ಬಡಿಯಿತು. ಅಲ್ಲೇ ಕೂತು, ಹೆಂಡತಿಯ ಹೆಸರು ಹಿಡಿದು ಗೊಳೋ ಎಂದು ಅತ್ತ. ಕೆಳಗೆ ಹಲಗೆ ಹದಿನೇಳನೆಯ ಗೆರೆ ಎಳೆದು ಮುಗಿಸಿತು.

ಕೆಂಚವ್ವ ಬೇಡಿದ್ದು ಗಂಡನನ್ನು ಮಾತ್ರ. ದೊರೆ ಅವನನ್ನು ಬಿಡಿಸಿ, ಮೇಲೆ ಹೊಲ ಮನೆಯನ್ನೂ ಕೊಟ್ಟ. ಅವರಿಬ್ಬರೂ ಹೊಟ್ಟೆತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿಕೊಂಡಿದ್ದರು.

ಗೆಜ್ಜೆಯ ಸಪ್ಪಳ ಮತ್ತೆ ಕೇಳಲಿಲ್ಲ. ಹಲಗೆಯೂ ಮತ್ತೆ ಮಾತಾಡಲಿಲ್ಲ. ದೊರೆ ಮಾತ್ರ ದಿನಾ ಅದರ ಮುಂದೆ ಕೂತು, "ಆಚಾರ್ರೇ, ಒಂದೇ ಒಂದು ಮಾತಾಡಿ. ಬೇಕಾದರೆ ಬೈದುಬಿಡಿ," ಎಂದು ಬೇಡುತ್ತಿದ್ದ.