ತೆಂಗಿನಮರದಡಿ ನಿಂತ ಟ್ಯಾಕ್ಸಿ

ಟ್ಯಾಕ್ಸಿ ತನ್ನ ನೆರಳಿಗೆ ಬಂದು ನಿಂತ ಕೂಡಲೇ ತೆಂಗಿನಮರ ಹೇಳಿತು: “ತಮ್ಮಾ, ಇಲ್ಲಿ ನಿಲ್ಲಬೇಡ. ಹುಳು ನನ್ನನ್ನು ಒಳಗೇ ತಿಂದು ಮುಗಿಸಿದೆ. ಜೋರು ಗಾಳಿ ಬಂದರೆ ನಿನ್ನ ಮೇಲೇ ಬೀಳುತ್ತೇನೆ.”

“ಬೀಳಜ್ಜ, ನನಗೆ ವಿಮೆ ಇದೆ,” ಎಂದು ಟ್ಯಾಕ್ಸಿ ನಕ್ಕಿತು.

“ಎಂಥ ವಿಮೆ?”

“ಥರ್ಡ್ ಪಾರ್ಟಿ. ಪೊಲೀಸರು ಕೇಳುವುದು ಅಷ್ಟೇ, ಹೆಚ್ಚಿನದು ಯಾಕೆ ಅಂದ ನಮ್ಮ ಜಿನದತ್ತ.”

“ಪತ್ರ ಓದಿದನೇ ನಿನ್ನ ಮಾಲೀಕ?”

“ಅದನ್ನು ಯಾರು ಓದುತ್ತಾರೆ, ಅಜ್ಜ? ತೋರಿಸುತ್ತಾರೆ.”

ಸಂಜೆ ಗಾಳಿ ಎದ್ದಿತು, ಮರ ಟ್ಯಾಕ್ಸಿಯ ಮೇಲೆ ಬಿತ್ತು.

ವಿಮೆಯವನು ಬಂದು ನೋಡಿ ಜಿನದತ್ತನಿಗೆ ಹೇಳಿದ: “ನಿಮ್ಮ ಗಾಡಿಯಿಂದ ಬೇರೆಯವರಿಗೆ ನಷ್ಟವಾದರೆ ಮಾತ್ರ ನಾವು ಕೊಡುತ್ತೇವೆ. ನಿಮ್ಮ ಗಾಡಿಗೇ ಆದ ನಷ್ಟಕ್ಕೆ ಬೇರೆ ವಿಮೆ ಇತ್ತು. ನೀವು ಮಾಡಿಸಲಿಲ್ಲ.”

ಅಪ್ಪಚ್ಚಿಯಾದ ಟ್ಯಾಕ್ಸಿ ಮೆಲ್ಲಗೆ ಅಂದಿತು: “ಅಜ್ಜ, ನಾನೇ ಬಂದು ನಿನಗೆ ಗುದ್ದಿದ್ದರೆ ನಿನ್ನ ಯಜಮಾನನಿಗಾದರೂ ಏನಾದರೂ ಸಿಗುತ್ತಿತ್ತು.”

“ನಾನು ಇನ್ನೊಂದು ಸಲ ಹೇಳಬೇಕಿತ್ತು,” ಎಂದಿತು ಮರ.

ಮರ ಸೌದೆಗೆ ಹೋಯಿತು, ಟ್ಯಾಕ್ಸಿ ಗುಜರಿಗೆ. ಜಿನದತ್ತ ಈಗ ಬೇರೆಯವರ ಗಾಡಿ ಓಡಿಸುತ್ತಾನೆ.