ಬಿಳಿಯವು ಎಷ್ಟು?

ಕಪಿಲೆಯ ದಂಡೆಯ ಆ ಪ್ರಯೋಗಾಲಯವನ್ನು ಊರಿನವರು ಮೀನಿನ ಮಠ ಎಂದೇ ಕರೆಯುತ್ತಿದ್ದರು. ಮಠ ಎಂದ ಮೇಲೆ ಪ್ರಸಾದ ಯಾಕಿಲ್ಲ ಎಂಬುದೊಂದೇ ಅವರ ದೂರು.

ಅಲ್ಲಿನ ಗುರು ಚನ್ನಬಸಪ್ಪ ಮೇಷ್ಟ್ರು. ಬೆರಳುದ್ದವೂ ಇಲ್ಲದ ಪಟ್ಟೆ ಮೀನಿನ ಮೊಟ್ಟೆಯೊಳಗೆ ತಲೆ ಯಾವ ಕಡೆ, ಬಾಲ ಯಾವ ಕಡೆ ಎಂದು ಹೇಗೆ ನಿಶ್ಚಯವಾಗುತ್ತದೆ ಎಂಬುದನ್ನು ಮೂವತ್ತೊಂದು ವರ್ಷ ನೋಡಿದವರು. ಶಿಷ್ಯೆ ದಾಕ್ಷಾಯಿಣಿ ಐದು ವರ್ಷದಿಂದ ಅದನ್ನೇ ನೋಡುತ್ತಿದ್ದಳು.

ಆ ಬೆಳಿಗ್ಗೆ ಅವಳು ಪ್ರಬಂಧದ ಹಾಳೆಗಳನ್ನು ಮೇಷ್ಟ್ರ ಮೇಜಿನ ಮೇಲೆ ಕುಕ್ಕಿದಳು. ಮೈಯೆಲ್ಲ ಉರಿಯುತ್ತಿತ್ತು.

"ಇವತ್ತಾದ್ರೂ ಸಹಿ ಹಾಕ್ತೀರಾ, ಇಲ್ವಾ?"

"ಬಿಳಿಯವು ಎಷ್ಟು?" ಎಂದರು ಮೇಷ್ಟ್ರು.

ಮೂರು ವಾರದಿಂದ ಇದೇ ಮಾತು. ತಿಂಗಳ ಕೊನೆಗೆ ಅವಳ ಸಂಶೋಧನೆಯ ಅವಧಿ ಮುಗಿಯುತ್ತಿತ್ತು. ಅಷ್ಟರೊಳಗೆ ಪ್ರಬಂಧ ಹೋಗದಿದ್ದರೆ ಡಾಕ್ಟರೇಟೂ ಇಲ್ಲ, ಮುಂದಿನ ದಾರಿಯೂ ಇಲ್ಲ. ಇದೆಲ್ಲ ಮೇಷ್ಟ್ರಿಗೂ ಗೊತ್ತು. ಗೊತ್ತಿದ್ದೂ ಗುಂಡುಕಲ್ಲಿನ ಹಾಗೆ ಕೂತಿದ್ದರು.

"ನಾನು ಬರೆದಿರೋದ್ರಲ್ಲಿ ತಪ್ಪೇನಿದೆ, ಅದನ್ನ ಹೇಳಿ."

"ಏನು ಬರ್ದಿದೀಯ? ಬಾಯಲ್ಲಿ ಹೇಳು."

ಹಲ್ಲು ಕಚ್ಚಿಕೊಂಡೇ ಹೇಳಿದಳು. ಮರಿಯ ಕಣ್ಣಲ್ಲೂ ಬಾಲದಲ್ಲೂ ಇರುವುದು ಒಂದೇ ಜೀನುಗಳು. ಯಾವ ಜೀನು ಎಲ್ಲಿ, ಯಾವಾಗ ಕೆಲಸ ಶುರುಮಾಡಬೇಕೆಂದು ಹೇಳುವ ಪುಟ್ಟ ತುಣುಕುಗಳೇ ಬೇರೆ. ಅವಕ್ಕೆ ಸ್ವಿಚ್ಚು ಎನ್ನುತ್ತಾರೆ. ತಲೆ ಮೂಡಲು ಇಂಥದೊಂದು ಸ್ವಿಚ್ಚು ಬೇಕೇ ಬೇಕು ಎಂದು ಎಲ್ಲರೂ ನಂಬಿದ್ದರು. ಅವಳು ಅದನ್ನೇ ಕತ್ತರಿಸುವ ಮದ್ದನ್ನು ಮೊಟ್ಟೆಗಳಿಗೆ ಚುಚ್ಚಿದಳು. ಆದರೂ ಮರಿಗಳಿಗೆ ತಲೆ ಮೂಡಿತು.

"ನಾನೂರ ಹನ್ನೆರಡು ಮರಿ, ನಾನೂರ ಹನ್ನೆರಡು ತಲೆ! ಆ ಸ್ವಿಚ್ಚು ಬೇಡವೇ ಬೇಡ. ಇನ್ನೇನು ಸಾಕ್ಷಿ ಬೇಕು ನಿಮಗೆ?"

"ಬಿಳಿಯವು ಎಷ್ಟು?"

ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು.

"ಸತ್ತ ಮೊಟ್ಟೆ ಬೆಳ್ಳಗಾಗುತ್ತೆ, ತೆಗೆದು ಬಿಸಾಕ್ತೀವಿ. ಸೂಜಿ ಚುಚ್ಚಿದ ಮೇಲೆ ಒಂದಷ್ಟು ಸಾಯೋದು ಇದ್ದದ್ದೇ. ಅದನ್ನೆಲ್ಲ ಯಾರು ಎಣಿಸ್ತಾರೆ ಮೇಷ್ಟ್ರೇ?"

ಮೇಷ್ಟ್ರು ಎದ್ದರು. ಆಗಷ್ಟೇ ಮೀನುಗಳು ಇಟ್ಟಿದ್ದ ಮೊಟ್ಟೆಗಳಲ್ಲಿ ನೂರು ನೂರು ಎಣಿಸಿ ಎರಡು ಗಾಜಿನ ತಟ್ಟೆಗೆ ಹಾಕಿದರು.

"ಒಂದಕ್ಕೆ ನಿನ್ನ ಮದ್ದು, ಇನ್ನೊಂದಕ್ಕೆ ಬರೀ ನೀರು. ಚುಚ್ಚು."

"ಸಹಿ?"

"ಚುಚ್ಚು."

ಚುಚ್ಚಿದಳು. ಮೇಷ್ಟ್ರನ್ನೇ ಚುಚ್ಚುತ್ತಿರುವ ಹಾಗೆ ಚುಚ್ಚಿದಳು.

ಮಾರನೆಯ ಬೆಳಿಗ್ಗೆ ಎಂದಿನಂತೆ ಬಿಳಿಯ ಮೊಟ್ಟೆಗಳನ್ನು ಕೊಳವೆಯಲ್ಲಿ ಹೀರಿ ಬಕೆಟ್ಟಿನತ್ತ ತಿರುಗಿದಳು. ಮೇಷ್ಟ್ರು ಬಕೆಟ್ಟನ್ನು ಕಾಲಿನಿಂದ ತಳ್ಳಿ, ಖಾಲಿ ತಟ್ಟೆಯೊಂದನ್ನು ಮುಂದಿಟ್ಟರು.

"ಇದಕ್ಕೆ ಹಾಕು. ಬಾಯಿಬಿಟ್ಟು ಎಣಿಸು."

ನೀರು ಚುಚ್ಚಿದ ತಟ್ಟೆಯಲ್ಲಿ ಸತ್ತವು ಒಂಬತ್ತು. ಮದ್ದಿನ ತಟ್ಟೆಯಲ್ಲಿ ಇಪ್ಪತ್ತು ದಾಟುವಾಗ ಅವಳ ದನಿ ಇಳಿಯಿತು. ನಲವತ್ತು ದಾಟುವಾಗ ಮೇಷ್ಟ್ರು, "ಕೇಳಿಸ್ತಿಲ್ಲ" ಎಂದರು. ಅರವತ್ತಮೂರಕ್ಕೆ ಮುಗಿಯಿತು.

ಅವಳಿಗೆ ತಿಳಿದುಹೋಯಿತು. ಮದ್ದು ಎಲ್ಲ ಮೊಟ್ಟೆಯಲ್ಲೂ ಒಂದೇ ಸಮ ಕತ್ತರಿಸುವುದಿಲ್ಲ. ಸರಿಯಾಗಿ ಕತ್ತರಿಸಿದ ಮೊಟ್ಟೆಗಳು ತಲೆ-ಬಾಲ ಕಾಣದೆ ಬೆಳಗಾಗುವುದರೊಳಗೆ ಸತ್ತಿದ್ದವು; ಮದ್ದು ತಾಗದವು ಬದುಕಿದ್ದವು. ಮದ್ದು ಕೆಲಸ ಮಾಡುತ್ತದೆಯೇ ಎಂದು ಚುಚ್ಚಿದ ದಿನವೇ ಆಗಾಗ ನಾಲ್ಕೆಂಟು ಮೊಟ್ಟೆ ಒಡೆದು ನೋಡಿದ್ದಳು; ಸ್ವಿಚ್ಚು ಕತ್ತರಿಸಿರುವುದು ಕಂಡಿತ್ತು. ಬದುಕಿದ ಮರಿಗಳಲ್ಲಿ ನೋಡಿರಲಿಲ್ಲ. ಅವಳು ಹುಡುಕುತ್ತಿದ್ದ ಉತ್ತರ ದಿನಾ ಬೆಳಿಗ್ಗೆ ಅವಳ ಕೈಯಿಂದಲೇ ಬಕೆಟ್ಟಿಗೆ ಹೋಗಿತ್ತು. ಐದು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು.

ನಾಚಿಕೆಯಾಗಬೇಕಿತ್ತು. ಬಂದದ್ದು ಸಿಟ್ಟು.

"ನೀವೇ ಹೇಳಿಕೊಟ್ಟಿದ್ದು!" ಎಂದಳು. "ಮೊದಲನೇ ದಿನ. ಬಂದೋಳೇ ಬಿಳಿಯವನ್ನ ತೆಗಿ, ಇಲ್ದಿದ್ರೆ ನೀರು ಕೆಡುತ್ತೆ ಅಂದ್ರಿ. ಎಣಿಸು ಅಂದ್ರಾ? ಬರೆದಿಡು ಅಂದ್ರಾ? ಐದು ವರ್ಷ ನನ್ನ ಪಕ್ಕದಲ್ಲೇ ಓಡಾಡ್ಕೊಂಡಿದ್ರಲ್ಲ, ಆಗ ಬಾಯಿಗೆ ಏನಾಗಿತ್ತು?"

ಮೇಷ್ಟ್ರು ಬೀರು ತೆಗೆದು, ತಮ್ಮ ಹಳೆಯ ನೋಟ್‌ಬುಕ್ಕುಗಳನ್ನು ತಂದು ಅವಳ ಮುಂದೆ ಹಾಕಿದರು. ಅವರಿಗೆ ಹೆಸರು ತಂದ ಪ್ರಯೋಗಗಳೆಲ್ಲ ಅವುಗಳಲ್ಲಿದ್ದವು.

"ಹುಡುಕು."

ಪುಟ ತಿರುವಿದಳು. ದಿನಾಂಕ, ಮದ್ದಿನ ಪ್ರಮಾಣ, ಬದುಕಿದ ಮರಿಗಳ ಚಿತ್ರ, ಮುತ್ತಿನಂಥ ಅಕ್ಷರ. ಎಷ್ಟು ಸತ್ತವು ಎಂದು ಯಾವ ಪುಟದಲ್ಲೂ ಇರಲಿಲ್ಲ.

"ನಿನ್ನ ಪ್ರಬಂಧ ಓದಿದ ದಿನವೇ ಇವನ್ನ ತೆಗೆದು ನೋಡ್ದೆ," ಎಂದರು ಮೇಷ್ಟ್ರು. "ನಿಂಗೆ ಹೇಳೋಕೆ ಬಾಯಿ ಬರ್ಲಿಲ್ಲ."

"ಹಾಗಾದ್ರೆ ನಿಮ್ಮದೂ..."

"ನನ್ನದೂ. ಎಲ್ಲಾ ಮತ್ತೆ ಮಾಡ್ಬೇಕು. ನಿಂಗೆ ಇನ್ನೊಂದು ವರ್ಷ ಕೊಡಿ ಅಂತ ವಿಶ್ವವಿದ್ಯಾಲಯಕ್ಕೆ ಬರ್ದಿದೀನಿ. ತಪ್ಪು ನನ್ನದು ಅಂತಲೂ ಬರ್ದಿದೀನಿ. ಕೊಡ್ತಾರೋ ಬಿಡ್ತಾರೋ ಗೊತ್ತಿಲ್ಲ."

ಇಷ್ಟು ಕೇಳಿದ ಮೇಲೆ ಸಿಟ್ಟು ಇಳಿಯಬೇಕಿತ್ತು. ಅದು ನೆತ್ತಿಗೇರಿತು.

"ಇದನ್ನ ಹೇಳೋಕೆ ಮೂರು ವಾರ ಬೇಕಿತ್ತಾ? ನಾನು ನಿದ್ದೆಗೆಟ್ಟು ಸಾಯ್ತಿದ್ದೆ! ಬಿಳಿಯವನ್ನ ಬಿಸಾಕು ಅಂತ ನಿಮಗ್ಯಾರು ಕಲಿಸಿದ್ದು?"

ಅವಳ ಕೂಗು ಹೊಳೆಯಾಚೆ ಬಟ್ಟೆ ಒಗೆಯುವವರಿಗೂ ಕೇಳಿಸಿರಬೇಕು.

"ನಮ್ಮ ಗುರುಗಳು," ಎಂದರು ಮೇಷ್ಟ್ರು.

ತಾನು ಯಾರ ಮುಂದೆ ನಿಂತಿದ್ದೇನೆಂದು ಆಗ ಅವಳಿಗೆ ಎಚ್ಚರವಾಯಿತು. ತಲೆ ತಗ್ಗಿಸಿದಳು. "ತಪ್ಪಾಯ್ತು ಮೇಷ್ಟ್ರೇ. ನಿಮ್ಮ ಮುಂದೆ ಹೀಗೆ ಕೂಗಬಾರದಿತ್ತು."

ಮೇಷ್ಟ್ರು ಮೇಜಿನ ಮೇಲೆ ಗುದ್ದಿದರು. ಅವರ ಕಣ್ಣು ಕೆಂಪಾಗಿತ್ತು.

"ಕೂಗು! ನಮ್ಮ ಗುರುಗಳ ಮುಂದೆ ನಾನು ಒಂದು ದಿನಾನೂ ಕೂಗ್ಲಿಲ್ಲ."