ಬಚ್ಚಲ ಕಿಟಕಿಯ ಜೇಡ

“ಬುದ್ಧಿ, ಎಲ್ಲಾ ಮಾಡಿ ನೋಡ್ದೆ. ನಮ್ಮಣ್ಣನ ಮನಸ್ಸಲ್ಲಿ ಏನಿದೆ ಅಂತ್ಲೇ ತಿಳೀತಿಲ್ಲ. ಇನ್ನೇನು ಮಾಡ್ಲಿ?”

ಹೀಗೆ ಕೇಳಿದವನು ಪರ್ವತಪ್ಪ. ಮಠದ ಹಳೆಯ ಶಿಷ್ಯ, ತಲೆ ಅರ್ಧ ನರೆತವನು. ಗುರುಗಳು ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

“ಏನೇನು ಮಾಡಿದೆ?” ಎಂದರು.

ಪರ್ವತಪ್ಪ ಹೇಳಿದ. ಹಸುವನ್ನು ಯಾರ ಕೊಟ್ಟಿಗೆಯಲ್ಲಿ ಕಟ್ಟಬೇಕು ಎಂಬ ಮಾತಿಗೆ ಅಣ್ಣತಮ್ಮಂದಿರು ಮುನಿಸಿಕೊಂಡಿದ್ದರು. ಆಮೇಲೆ ಹಸು ಮಾರಾಟವಾಯಿತು. ಮುನಿಸು ಉಳಿಯಿತು. ಬರುವ ತಿಂಗಳು ಅಣ್ಣನ ಮಗಳ ಮದುವೆ. ಪರ್ವತಪ್ಪ ಅಣ್ಣನಿಗೆ ಫೋನಿನಲ್ಲಿ ಗಟ್ಟಿಯಾಗಿ ಮಾತಾಡಿ ನೋಡಿದ, ಮೆತ್ತಗೆ ಮಾತಾಡಿ ನೋಡಿದ. ಹಾಲಿನವನ ಕೈಲಿ ಮಾತು ಹೇಳಿಸಿದ. ಷಡ್ಡಕನ ಕೈಲಿ ಬಾಳೆಗೊನೆ ಕಳಿಸಿದ. ದಿನಾ ಬೆಳಗ್ಗೆ ವಾಟ್ಸಾಪಿನಲ್ಲಿ ಗುಲಾಬಿ ಹೂವಿನ ಶುಭೋದಯ ಕಳಿಸಿದ. ಅಣ್ಣ ಎಲ್ಲವನ್ನೂ ಕೇಳುತ್ತಿದ್ದ, ನೋಡುತ್ತಿದ್ದ. ಉತ್ತರ ಮಾತ್ರ ಇರಲಿಲ್ಲ.

“ಆ ಕೂಸನ್ನ ಹೆಗಲ ಮ್ಯಾಲೆ ಹೊತ್ಕೊಂಡು ತಿರುಗ್ದೋನು ನಾನು, ಬುದ್ಧಿ. ಧಾರೆ ದಿನ ನಾನೇ ಇಲ್ದಿದ್ರೆ ಹೆಂಗೆ?” ಎಂದ.

“ಅಣ್ಣನ ಮನೆ ಎಷ್ಟು ದೂರ?”

“ಕೆರೆ ಆಚೆ ದಡ. ನಮ್ಮ ತಾರಸಿ ಮ್ಯಾಲೆ ನಿಂತ್ರೆ ಅವ್ರ ಹಿತ್ತಲು ಕಾಣುತ್ತೆ. ಅತ್ತಿಗೆ ಬಟ್ಟೆ ಒಣಗಾಕೋದೂ ಕಾಣುತ್ತೆ.”

ಗುರುಗಳಿಗೆ ನಗು ಬಂತು. “ಹಾಗಾದರೆ ನಿನಗೆ ಒಬ್ಬ ಫೋಟೋಗ್ರಾಫರನ ಕತೆ ಹೇಳಬೇಕು. ಆ ಬುಟ್ಟಿ ಇತ್ತ ಎಳೆದುಕೊಂಡು ನೀನೂ ಸುಲಿ. ಸುಮ್ಮನೆ ಕೂತು ಕೇಳುವ ಕತೆಯಲ್ಲ ಇದು” ಎಂದರು.

ಪರ್ವತಪ್ಪ ಅವರೆಕಾಯಿಗೆ ಕೈ ಹಾಕಿದ. ಗುರುಗಳು ಹೇಳತೊಡಗಿದರು.

ಒಬ್ಬ ಫೋಟೋಗ್ರಾಫರ್ ಇದ್ದ. ಅವನಲ್ಲಿ ಒಂದು ಉದ್ದನೆಯ ಜೂಮ್ ಲೆನ್ಸ್ ಇತ್ತು. ಮದುವೆ ಮನೆಯಲ್ಲಿ ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತೇ ಮದುಮಗಳ ಮೂಗುಬೊಟ್ಟಿನ ಫೋಟೋ ತೆಗೆಯುತ್ತಿದ್ದ. ಏರಿಯ ಮೇಲೆ ಕೂತೇ ಕೆರೆಯ ನಡುವಿನ ಕೊಕ್ಕರೆಯ ಫೋಟೋ ತೆಗೆಯುತ್ತಿದ್ದ. ದೂರದ್ದನ್ನು ಹತ್ತಿರಕ್ಕೆ ಎಳೆದು ತರುವುದು ಆ ಲೆನ್ಸಿನ ಗುಣ. ಬರುಬರುತ್ತ, ಕೂತಲ್ಲಿಂದ ಏಳದಿರುವುದು ಅವನ ಗುಣವಾಯಿತು.

ಅವನಿಗೊಬ್ಬಳು ಪುಟ್ಟ ಮಗಳು. ಅವರ ಮನೆಯ ಬಚ್ಚಲ ಕಿಟಕಿಯಲ್ಲಿ ಒಂದು ಜೇಡ ಬಂದು ಸೇರಿಕೊಂಡಿತು. ಬಲೆ ಕಟ್ಟುವ ಜಾತಿಯಲ್ಲ, ಹಾರಿ ನೊಣ ಹಿಡಿಯುವ ಜಾತಿ. ಗಾತ್ರ ಒಂದು ಅವರೆಕಾಳಿಗಿಂತ ಚಿಕ್ಕದು. ಮಗು ಹೆದರಿತು. ಬಚ್ಚಲಿಗೆ ಕಾಲಿಡುವುದಿಲ್ಲ ಎಂದು ಹಟ ಹಿಡಿಯಿತು. ತಾಯಿ ಪೊರಕೆ ತಂದರೆ, ಪಾಪ ಸಾಯಿಸಬೇಡ ಎಂದು ಅದಕ್ಕೂ ಅತ್ತಿತು. ಜೇಡ ಇರಲೂ ಕೂಡದು, ಸಾಯಲೂ ಕೂಡದು. ಮನೆಯವರು ಮಾಡುವುದಾದರೂ ಏನು?

ಮಗಳು ಬಾಗಿಲ ಹಿಂದೆ ನಿಂತು ನಡುಗುವುದನ್ನು ಅಪ್ಪನಿಂದ ನೋಡಲಾಗಲಿಲ್ಲ. “ಅದ್ರ ಮುಖ ದೊಡ್ಡದಾಗಿ ತೋರಿಸ್ತೀನಿ ಇರು ಮಗಾ. ಮುಖ ನೋಡಿದ ಮೇಲೆ ಭಯ ಹೋಗುತ್ತೆ” ಎಂದು ಮಾತು ಕೊಟ್ಟ.

ಮಾತು ಕೊಟ್ಟಮೇಲೆ ತಲೆಬಿಸಿ ಶುರುವಾಯಿತು. ಅವನ ಲೆನ್ಸಿಗೆ ದೂರದ್ದು ಕಾಣುತ್ತದೆ, ಮೂಗಿನ ಮುಂದಿನದು ಕಾಣುವುದಿಲ್ಲ. ಹುಳುಹುಪ್ಪಟೆಗೆಂದೇ ಬೇರೆ ಲೆನ್ಸ್ ಬರುತ್ತದೆ. ಅದರ ಬೆಲೆಗೆ ಒಂದು ಎಮ್ಮೆಯೇ ಬರುತ್ತದೆ. ಅಂಗಡಿಯವನು ಒಂದು ಅಗ್ಗದ ಉಪಾಯ ಹೇಳಿದ. ಕ್ಲೋಸಪ್ ಗಾಜು ಎಂದು ಒಂದು ದುಂಡು ಗಾಜು ಇದೆ. ಡಬ್ಬಿಗೆ ಮುಚ್ಚಳ ತಿರುಗಿಸಿದ ಹಾಗೆ ಅದನ್ನು ಜೂಮ್ ಲೆನ್ಸಿನ ಮೂತಿಗೆ ತಿರುಗಿಸಿದರೆ ಆಯಿತು. ನಾನು ಓದುವಾಗ ಹಾಕಿಕೊಳ್ಳುತ್ತೇನಲ್ಲ ಕನ್ನಡಕ, ಪರ್ವತಪ್ಪ, ಅದೂ ಇದೂ ಒಂದೇ. ಹಾಕಿಕೊಂಡರೆ ಪುಸ್ತಕದ ಅಕ್ಷರ ಚೊಕ್ಕವಾಗಿ ಕಾಣುತ್ತದೆ. ತಲೆ ಎತ್ತಿದರೆ ಬಾಗಿಲಲ್ಲಿ ನಿಂತ ನೀನು ಮಸುಕು.

ಅವನು ಖುಷಿಯಿಂದ ಗಾಜು ತಂದ. ಬಚ್ಚಲ ಬಾಗಿಲಲ್ಲಿ ಬಕೆಟ್ ಬೋರಲು ಹಾಕಿ ಕೂತ. ಕಿಟಕಿಯತ್ತ ಕ್ಯಾಮೆರಾ ಹಿಡಿದ. ಜೇಡ ಕಾಣಲಿಲ್ಲ. ಬರೀ ಹೊಗೆ ಕವಿದ ಹಾಗಿತ್ತು. ಲೆನ್ಸಿನ ಫೋಕಸ್ ರಿಂಗನ್ನು ಬಲಕ್ಕೆ ತಿರುಗಿಸಿದ. ಮಸುಕು. ಎಡಕ್ಕೆ ತಿರುಗಿಸಿದ. ಮಸುಕು. ಜೂಮ್ ಹೆಚ್ಚಿಸಿದ, ಇಳಿಸಿದ. ಗಾಜು ಬಿಚ್ಚಿ, ಪಂಚೆಯಲ್ಲಿ ಒರೆಸಿ, ಮತ್ತೆ ಹಾಕಿದ. ಲೈಟು ಹಾಕಿದ, ಆರಿಸಿದ. ಅಗ್ಗದ್ದು ಕೊಟ್ಟು ಟೋಪಿ ಹಾಕಿದ ಎಂದು ಅಂಗಡಿಯವನನ್ನು ಬೈದ. ಬೆಳಕು ಸಾಲದು ಎಂದು ಕಿಟಕಿಯನ್ನು ಬೈದ. ಜೇಡ ಕೂತಲ್ಲೇ ಇತ್ತು. ಅವನೂ ಕೂತಲ್ಲೇ ಇದ್ದ.

ಪರ್ವತಪ್ಪನಿಗೆ ತಡೆಯಲಾಗಲಿಲ್ಲ. “ಅಲ್ಲ ಬುದ್ಧಿ, ಒಂದು ಸ್ವಲ್ಪ ಎದ್ದು ಹತ್ರಕ್ಕೆ ಹೋಗ್ಬಾರ್ದಾ ಆ ಪುಣ್ಯಾತ್ಮ?” ಎಂದ.

“ನಿನಗೆ ಹೊಳೆಯಿತು. ಅವನಿಗೆ ಹೊಳೆಯಬೇಕಲ್ಲ?” ಎಂದು ಗುರುಗಳು ಮುಂದುವರಿಸಿದರು.

ಹೆಂಡತಿ ಬಂದು ನೋಡಿದಳು. ಅವಳ ನಾಲಿಗೆ ಸ್ವಲ್ಪ ಹರಿತ. “ರೀ, ಆ ಜೇಡ ಮೊಟ್ಟೆ ಇಟ್ಟು, ಮರಿ ಮಾಡಿ, ಮರಿಗಳ ಮದುವೆನೂ ಮುಗಿಸುತ್ತೆ. ನಿಮ್ಮ ಫೋಟೋ ಮಾತ್ರ ಆಗಲ್ಲ” ಎಂದಳು.

ಅವನಿಗೆ ರೇಗಿಹೋಯಿತು. ಕೂತಲ್ಲೇ ಕಾಲು ಝಾಡಿಸಿದ. ಬಟ್ಟೆ ಒಗೆದ ಸೋಪಿನ ನೀರು ನೆಲದ ಮೇಲೆ ಇನ್ನೂ ಆರಿರಲಿಲ್ಲ. ಬಕೆಟ್ ಅವನನ್ನು ಹೊತ್ತುಕೊಂಡು ಸರ್ರನೆ ಮುಂದಕ್ಕೆ ಜಾರಿತು. ಅವನ ಕಣ್ಣು ಕ್ಯಾಮೆರಾದಲ್ಲೇ ಇತ್ತು. ಮಸುಕಿನೊಳಗಿಂದ ಒಂದು ಮುಖ ಎದ್ದುಬಂತು. ಮುಂದೆ ಎರಡು ದೊಡ್ಡ ಕಣ್ಣು, ಪಕ್ಕದಲ್ಲಿ ಸಣ್ಣವು, ಸುತ್ತ ಬೆಳ್ಳನೆಯ ಕೂದಲು. ಒಂದೊಂದು ಕೂದಲನ್ನೂ ಎಣಿಸಬಹುದಿತ್ತು. ಅವನು ಆಹಾ ಎನ್ನುವಷ್ಟರಲ್ಲಿ ಬಕೆಟ್ ಇನ್ನೂ ಮುಂದಕ್ಕೆ ಜಾರಿತು. ಮುಖ ಮತ್ತೆ ಮಸುಕಾಯಿತು. ಲೆನ್ಸ್ ಹೋಗಿ ಕಿಟಕಿಗೆ ಡಿಕ್ಕಿ ಹೊಡೆಯಿತು. ಜೇಡ ಗಾಬರಿಬಿದ್ದು ಸಂದಿಯೊಳಗೆ ಹಾರಿತು.

ಬಿದ್ದವನು ನಗುತ್ತ ಎದ್ದ. ಅವನಿಗೆ ಅರ್ಥವಾಗಿತ್ತು. ಆ ಗಾಜಿಗೆ ಒಂದು ಮೊಳ ದೂರದಲ್ಲಿರುವುದು ಮಾತ್ರ ಕಾಣುತ್ತದೆ. ಅದರಾಚೆ ನಿಂತರೂ ಮಸುಕು, ತೀರಾ ಮೇಲೆ ಬಿದ್ದರೂ ಮಸುಕು. ರಿಂಗ್ ತಿರುಗಿಸಿದರೆ ಆ ದೂರ ನಾಲ್ಕು ಬೆರಳು ಹೆಚ್ಚುಕಡಿಮೆ ಆದೀತು, ಅಷ್ಟೇ. ಮಿಕ್ಕಿದ್ದೆಲ್ಲ ಫೋಟೋ ತೆಗೆಯುವವನ ಮೈಯ ಕೆಲಸ.

ಬಕೆಟನ್ನು ಕಿಟಕಿಯಿಂದ ಒಂದು ಮೊಳ ಬಿಟ್ಟು ಇಟ್ಟ. ರಿಂಗಿನ ಮೇಲಿಂದ ಕೈ ತೆಗೆದು ಕಾದ. ಸ್ವಲ್ಪ ಹೊತ್ತಿಗೆ ಜೇಡ ಇಣುಕಿತು, ಹೊರಗೆ ಬಂತು, ತನ್ನ ಪಾಡಿಗೆ ತಾನು ಮೀಸೆ ತೀಡಿಕೊಂಡಿತು. ಒಂದು ಮೊಳ ದೂರದಲ್ಲಿ ಕೂತವನಿಂದ ಅದಕ್ಕೆ ತೊಂದರೆಯೆನಿಸಲಿಲ್ಲ. ಅವನು ಉಸಿರು ಬಿಗಿಹಿಡಿದು ಎಳ್ಳಷ್ಟು ಮುಂದಕ್ಕೆ ಬಾಗಿದ, ಎಳ್ಳಷ್ಟು ಹಿಂದಕ್ಕೆ ಬಾಗಿದ. ಜೇಡದ ಕಣ್ಣು ಹೊಳೆದ ಗಳಿಗೆಯಲ್ಲಿ ಗುಂಡಿ ಒತ್ತಿದ.

ಮಗಳು ಅಪ್ಪನ ಬೆನ್ನಿಗೆ ಅಂಟಿಕೊಂಡು ಕ್ಯಾಮೆರಾದ ಪರದೆ ನೋಡಿದಳು. ಮೊದಲು ಬೆರಳ ಸಂದಿಯಿಂದ ನೋಡಿದಳು. ಆಮೇಲೆ ಕೈ ತೆಗೆದು ನೋಡಿದಳು. “ಅಪ್ಪಾ, ಇದಕ್ಕೆ ತಾತನ ಥರ ಹುಬ್ಬಿದೆ” ಎಂದಳು. ಇನ್ನಷ್ಟು ಹೊತ್ತು ನೋಡಿ, “ಪಾಪ, ಇದೇ ನನ್ನ ನೋಡಿ ಹೆದರ್ಕೊಂಡಿದೆ” ಎಂದಳು.

ಮರುದಿನ ಬೆಳಗ್ಗೆ ತಾನೇ ಬಚ್ಚಲಿಗೆ ಹೋದಳು. ಒಳಗಿನಿಂದ ದನಿ ಕೇಳಿಸಿತು. “ಏಯ್, ಆ ಕಡೆ ತಿರುಗ್ಕೋ. ನಾನು ಸ್ನಾನ ಮಾಡ್ಬೇಕು.”

ಗುರುಗಳು ಕತೆ ನಿಲ್ಲಿಸಿದರು. ಪರ್ವತಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ಮಡಿಲಿನ ಅವರೆಕಾಳು ಜಗುಲಿಯ ತುಂಬ ಚೆಲ್ಲಿತು. ಅದನ್ನು ಬಾಚಿಕೊಳ್ಳುತ್ತ, “ಒಳ್ಳೇ ಫೋಟೋಗ್ರಾಫರ್, ಬುದ್ಧಿ! ಬಕೆಟ್ ಜಾರ್ದೆ ಹೋಗಿದ್ರೆ ಇನ್ನೂ ಅಲ್ಲೇ ಕೂತು ರಿಂಗ್ ತಿರುಗಿಸ್ತಿದ್ದ” ಎಂದ.

“ಹೌದು” ಎಂದರು ಗುರುಗಳು.

ಪರ್ವತಪ್ಪನಿಗೆ ನಗುವಿನಿಂದ ಮನಸ್ಸು ಹಗುರವಾಗಿತ್ತು. ಹುಮ್ಮಸ್ಸು ಬಂದಿತ್ತು. ಜೇಬಿನಿಂದ ಫೋನ್ ತೆಗೆದ. “ಹಂಗಾದ್ರೆ ಬುದ್ಧಿ, ಅಣ್ಣಂಗೆ ಇನ್ನೊಂದ್ಸಲ ಫೋನ್ ಮಾಡಿ ನೋಡ್ಲಾ?” ಎಂದ.

“ಮಾಡು. ಅವನ ಬಾಗಿಲಿಗೆ ಒಂದು ಮೊಳ ದೂರದಲ್ಲಿ ನಿಂತು ಮಾಡು.”

ಪರ್ವತಪ್ಪ ಫೋನನ್ನು ಜೇಬಿಗೆ ಹಾಕಿ, ಚಪ್ಪಲಿ ಮೆಟ್ಟಿಕೊಂಡ.